ಭಾವನ ಎಡಗಾಲು

ಒಂಟಿ ಎಂಜಿನ್ನಿಗೆ ಗಂಟೆಗೆ ನಲವತ್ತೇ ಕಿಲೋಮೀಟರ್ ಏಕೆ ಎಂದು ಕೇಳಿ ನನ್ನ ತಲೆ ತಿನ್ನದ ಚಾಲಕ ಇನ್ನೂ ಹುಟ್ಟಿಲ್ಲ. ಹನ್ನೆರಡು ಬೋಗಿ ಕಟ್ಟಿಕೊಂಡರೆ ನೂರರಲ್ಲಿ ಓಡಬಹುದಂತೆ, ಹಿಂದೆ ಏನೂ ಇಲ್ಲದಾಗ ನಲವತ್ತಂತೆ. ಇದನ್ನು ಬರೆದ ಪುಣ್ಯಾತ್ಮ ಯಾರು ಎಂದು ನಗುತ್ತಾರೆ. ಅವರಿಗೆ ಪಾಠ ಹೇಳುವುದೇ ನನ್ನ ಕೆಲಸ, ಹಾಗಾಗಿ ನನಗೆ ನಗು ಬರುವುದಿಲ್ಲ. ಬೋಗಿಗಳಿದ್ದರೆ ನಿಲ್ಲಿಸುವ ಕೆಲಸವನ್ನು ಅವುಗಳ ತೊಂಬತ್ತಾರು ಚಕ್ರಗಳೂ ಹಂಚಿಕೊಳ್ಳುತ್ತವೆ. ಒಂಟಿ ಎಂಜಿನ್ ಎಂದರೆ ನೂರಿಪ್ಪತ್ತು ಟನ್ ಕಬ್ಬಿಣ, ಅದನ್ನು ಹಿಡಿಯಲು ಅದರದೇ ಹನ್ನೆರಡು ಚಕ್ರ ಬಿಟ್ಟರೆ ಬೇರೆ ಗತಿಯಿಲ್ಲ.

ನಮ್ಮ ಭಾವನಿಗೆ ಶೆಡ್ಡಿನಲ್ಲಿ ‘ಬೆಣ್ಣೆ’ ಎಂದು ಹೆಸರು. ಅಕ್ಕನ ಗಂಡ ಎಂದು ಹೊಗಳುತ್ತಿಲ್ಲ, ಅವರು ರೈಲು ನಿಲ್ಲಿಸಿದರೆ ತುಂಬಿದ ಲೋಟವೂ ತುಳುಕುತ್ತಿರಲಿಲ್ಲ. ಅದರ ಗುಟ್ಟು ಅವರ ಎಡಗಾಲಿನಲ್ಲಿತ್ತು. ರೈಲಿನ ಬ್ರೇಕ್ ಹಾಕಿದಾಗ ಎಂಜಿನ್ ಮೊದಲು ಹಿಡಿದುಕೊಂಡರೆ ಹಿಂದಿನ ಬೋಗಿಗಳು ಬಂದು ಗುದ್ದುತ್ತವೆ. ಅದಕ್ಕೇ ಚಾಲಕನ ಕಾಲಡಿ ಒಂದು ಪೆಡಲ್ ಇದೆ. ಒತ್ತಿದರೆ ಎಂಜಿನ್ನಿನ ಬ್ರೇಕ್ ಮಾತ್ರ ಸಡಿಲಾಗುತ್ತದೆ, ಬೋಗಿಗಳೇ ರೈಲನ್ನು ನಿಲ್ಲಿಸುತ್ತವೆ. ಮೂವತ್ತು ವರ್ಷ ಬ್ರೇಕ್ ಹಾಕಿದಾಗಲೆಲ್ಲ ಭಾವ ಅದನ್ನು ಒತ್ತಿದ್ದಾರೆ. ಬೋಗಿಯೇ ಇಲ್ಲದಾಗ ಒತ್ತಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ತಿಂಗಳ ಹಿಂದೆ ಒಂಟಿ ಎಂಜಿನ್ನಿನ ಪರೀಕ್ಷೆಗೆ ನಾನೇ ಅವರ ಪಕ್ಕ ಕೂತಿದ್ದೆ. ಬ್ರೇಕ್ ಹಾಕಿದ ಕೂಡಲೇ ಎಡಗಾಲು ತಾನಾಗಿ ಪೆಡಲಿನ ಮೇಲೆ ಹೋಯಿತು. ಅದು ಅವರಿಗೆ ಗೊತ್ತೇ ಆಗಲಿಲ್ಲ. ಸಮತಟ್ಟು ದಾರಿ, ಇಪ್ಪತ್ತರ ವೇಗ, ಹೇಗೋ ನಿಂತಿತು. ನಾನು ಬಾಯಿಬಿಟ್ಟು ಹೇಳಬೇಕಿತ್ತು, ಫೇಲ್ ಮಾಡಿ ಹುಡುಗರ ಜೊತೆ ಒಂದು ತಿಂಗಳು ತರಬೇತಿಗೆ ಕೂರಿಸಬೇಕಿತ್ತು. ಮನೆಗೆ ಬಂದು ಅಕ್ಕನ ಕಿವಿಗೆ ಹಾಕಿದೆ. ನಿವೃತ್ತಿಗೆ ಎಂಟು ತಿಂಗಳಿದೆ, ಈಗ ಅವರ ಮಾನ ಕಳೆಯಬೇಡ, ಅವರಿಗಂತೂ ಹೇಳಲೇಬೇಡ, ಇದೊಂದನ್ನು ಹೊಟ್ಟೆಗೆ ಹಾಕಿಕೋ ಎಂದಳು. ಹಾಕಿಕೊಂಡೆ. ‘ತೃಪ್ತಿಕರ’ ಎಂದು ಬರೆದು ಸಹಿ ಮಾಡಿದೆ.

ಮೊನ್ನೆ ಬೆಳಿಗ್ಗೆ ಹನ್ನೊಂದಕ್ಕೆ, ಇಳಿಜಾರಿನ ಕೆಳಗೆ ಒಂದು ಪ್ಯಾಸೆಂಜರ್ ರೈಲು ಎಂಜಿನ್ ಕೆಟ್ಟು ನಿಂತಿದೆ, ಅದನ್ನು ಎಳೆದು ತರಲು ಒಂಟಿ ಎಂಜಿನ್ ಕಳಿಸುತ್ತಿದ್ದಾರೆ ಎಂದು ಸುದ್ದಿ ಬಂತು. ಕರ್ತವ್ಯದಲ್ಲಿದ್ದವರು ಭಾವ. ಅಧಿಕಾರಿಯ ಕೋಣೆ ಮೂವತ್ತು ಹೆಜ್ಜೆ ದೂರದಲ್ಲಿತ್ತು. ಅಲ್ಲಿಗೆ ಹೋಗಿ ನಿಜ ಹೇಳುವ ಬದಲು, ಸಹಾಯಕ ಚಾಲಕನನ್ನು ಇಳಿಸಿ ನಾನೇ ಎಂಜಿನ್ ಹತ್ತಿದೆ. ಪಕ್ಕದಲ್ಲಿದ್ದು ನೋಡಿಕೊಂಡರಾಯಿತು ಎಂದುಕೊಂಡೆ. ಹೇಡಿಗೆ ಇಂಥ ಉಪಾಯಗಳು ಬೇಗ ಹೊಳೆಯುತ್ತವೆ.

ಭಾವನಿಗೆ ಖುಷಿಯೋ ಖುಷಿ. ಭಾಮೈದ ಜೊತೆಗೆ ಬಂದನೆಂದು ದಾರಿಯುದ್ದಕ್ಕೂ ನನ್ನನ್ನು ಗೇಲಿ ಮಾಡಿದರು. ಇಳಿಜಾರು ಶುರುವಾಯಿತು. ನಲವತ್ತು, ನಲವತ್ತೆಂಟು, ಐವತ್ತೈದು. ಮಿತಿ ನೆನಪಿಸಿದರೆ, ಪಾಪ, ಜನ ಬಿಸಿಲಲ್ಲಿ ಕಾಯುತ್ತಿದ್ದಾರೆ ಎಂದರು. ನಾನು ಮತ್ತೆ ಸುಮ್ಮನಾದೆ. ಎಂಜಿನ್ ಹಗುರಾಗಿ, ಸದ್ದಿಲ್ಲದೆ ಜಾರುತ್ತಿತ್ತು. ಆ ನಿಶ್ಶಬ್ದ ನನಗೆ ಹಿಡಿಸಲಿಲ್ಲ.

ತಿರುವು ದಾಟುತ್ತಲೇ ಕೆಂಪು ಬಾವುಟ ಕಂಡಿತು. ಅದರಾಚೆ ನಿಂತ ರೈಲು. ಜನ ಕೆಳಗಿಳಿದು, ಕೊನೆಯ ಬೋಗಿಯ ನೆರಳಿನಲ್ಲಿ ಹಳಿಯ ಮೇಲೇ ಕೂತಿದ್ದರು. ಭಾವ ಬ್ರೇಕ್ ಎಳೆದರು. ಎಂಜಿನ್ನಿನ ಬ್ರೇಕ್ ಒತ್ತಡ ತೋರಿಸುವ ಮುಳ್ಳು ಮೇಲೆದ್ದು, ಮತ್ತೆ ಸೊನ್ನೆಗೆ ಬಿತ್ತು.

“ಭಾವ, ಕಾಲು ತೆಗೀರಿ.”

“ಕಾಲಲ್ಲ ಕಣೋ, ಬ್ರೇಕೇ ಹಿಡೀತಿಲ್ಲ.”

ಹೆದರಿದಷ್ಟೂ ಅವರು ಗಟ್ಟಿಯಾಗಿ ಒತ್ತುತ್ತಿದ್ದರು. ನಾನು ನೆಲಕ್ಕೆ ಬಿದ್ದು ಎರಡೂ ಕೈಯಲ್ಲಿ ಅವರ ಕಣಕಾಲು ಹಿಡಿದು ಎಳೆದೆ. ನೆಟ್ಟ ಕಂಬ ಕಿತ್ತ ಹಾಗಿತ್ತು. ಕೊನೆಗೆ ಕಾಲು ಮೇಲೆದ್ದಿತು, ಚಕ್ರಗಳು ಕಿರುಚಿದವು. ನಾನು ಕೆಳಗೇ ಬಿದ್ದಿದ್ದೆ. ಹೊರಗಿನ ಕೂಗು ಮಾತ್ರ ಕೇಳುತ್ತಿತ್ತು. ಎಂಜಿನ್ ನಿಂತ ಮೇಲೆ ಎದ್ದು ನೋಡಿದೆ. ಎಲ್ಲರೂ ಎದ್ದು ಓಡಿದ್ದರು. ಏಳಲಾಗದ ಒಬ್ಬ ಅಜ್ಜಿ ಮಾತ್ರ ಕೈಚೀಲ ಅವುಚಿಕೊಂಡು ಹಳಿಯ ಮೇಲೇ ಕೂತಿದ್ದಳು. ಎಂಜಿನ್ನಿಗೂ ಅವಳಿಗೂ ನಡುವೆ ಆರು ಹೆಜ್ಜೆ ಜಾಗವಿತ್ತು.

ಭಾವ ಬೆವರೊರೆಸಿಕೊಂಡು ಬ್ರೇಕ್ ಫಿಟ್ಟರನನ್ನು ಬೈದರು. ಬ್ರೇಕ್ ಕೈಕೊಟ್ಟಿತು ಎಂದು ಬರೆದುಕೊಡುತ್ತೇನೆ, ಅವನನ್ನು ಮನೆಗೆ ಕಳಿಸುತ್ತೇನೆ ಎಂದರು. ಅದು ಸುಳ್ಳಲ್ಲ, ಅವರು ಹಾಗೆಂದೇ ನಂಬಿದ್ದರು.

ಕೆಟ್ಟ ಎಂಜಿನ್ನನ್ನು ಅಲ್ಲೇ ಬಿಟ್ಟು, ಬೋಗಿಗಳನ್ನು ಕಟ್ಟಿಕೊಂಡು ಮೇಲಿನ ನಿಲ್ದಾಣಕ್ಕೆ ಬಂದೆವು. ಅಲ್ಲಿ ಭಾವ ರೈಲು ನಿಲ್ಲಿಸಿದ್ದನ್ನು ನೋಡಬೇಕಿತ್ತು. ಮಲಗಿದ್ದ ಕೂಸು ಕೂಡ ಎಚ್ಚರಗೊಳ್ಳಲಿಲ್ಲ. ಜನ ಇಳಿದರು, ಬೋಗಿಗಳನ್ನು ಬಿಚ್ಚಿದರು. ಆಗ ಕಂಟ್ರೋಲ್ ರೂಮಿನಿಂದ ನನ್ನ ಮೊಬೈಲಿಗೆ ಫೋನ್ ಬಂತು. ಅದೇ ಎಂಜಿನ್ ಒಂಟಿಯಾಗಿ ಅದೇ ಇಳಿಜಾರು ಇಳಿದು, ಕೆಟ್ಟದ್ದನ್ನು ತರಬೇಕು. ಭಾವ ಆಗಲೇ ಸೀಟಿನಲ್ಲಿ ಸರಿಯಾಗಿ ಕೂತು ನನಗೆ ಸನ್ನೆ ಮಾಡಿದರು.

ನಾನು ಫೋನಿನಲ್ಲಿ ಹೇಳಿದೆ, “ಇವರನ್ನ ಕಳಿಸಬೇಡಿ. ಬ್ರೇಕ್ ಸರಿಯಾಗೇ ಇದೆ. ಬ್ರೇಕ್ ಹಾಕಿದಾಗಲೆಲ್ಲ ಇವರು ಪೆಡಲ್ ಒತ್ತುತ್ತಾರೆ. ಪರೀಕ್ಷೆ ದಿನಾನೇ ನೋಡಿದ್ದೆ. ನೋಡಿಯೂ ಸಹಿ ಹಾಕಿದೆ.”

ನಾನು ಫೋನ್ ಇಟ್ಟು, ಭಾವ ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ಬಗ್ಗಿ ತಮ್ಮ ಎಡಗಾಲನ್ನು ನೋಡಿಕೊಂಡರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

“ಗೊತ್ತಿದ್ದೂ ನನ್ನನ್ನ ಯಾಕೋ ಹತ್ತಿಸಿದೆ?”