ಗಾಜಿನಲ್ಲಿ ಅಲುಗದ ನೀರು

ಗಾಜಿನಲ್ಲಿ ನೀರು ಅಲುಗುತ್ತಿರಲಿಲ್ಲ.

ಅಳಿಯನಿಗೆ ಅದು ಕಂಡದ್ದು ಹೆಗಲ ಮೇಲಿನ ಟವೆಲಿನಿಂದ ಬೆವರು ಒರೆಸಿಕೊಳ್ಳುವಾಗ. ಬಾಯ್ಲರಿನ ಹೊಟ್ಟೆಯಲ್ಲಿ ಎಷ್ಟು ನೀರಿದೆ ಎಂದು ಹೊರಗಿನವರಿಗೆ ತಿಳಿಯಲಿ ಅಂತ ಅದರ ಮೈಗೆ ಮೊಳದುದ್ದದ ಗಾಜಿನ ಕೊಳವೆ ಕೂರಿಸಿರುತ್ತಾರೆ. ಒಳಗೆ ನೀರು ಕೊತಕೊತ ಕುದಿಯುವಾಗ ಕೊಳವೆಯ ನೀರೂ ಸುಮ್ಮನಿರುವುದಿಲ್ಲ. ನಿದ್ದೆ ಹೋದವರ ಹೊಟ್ಟೆಯಂತೆ ಚೂರು ಏರುತ್ತದೆ, ಚೂರು ಇಳಿಯುತ್ತದೆ. ಇವತ್ತು ಮಾತ್ರ ಅರ್ಧಕ್ಕೆ ಬಂದು, ಬಣ್ಣದಲ್ಲಿ ಗೀಟು ಎಳೆದ ಹಾಗೆ ನಿಂತುಬಿಟ್ಟಿತ್ತು. ಬೆಳಗ್ಗೆಯಿಂದಲೇ ಹಾಗೆ ನಿಂತಿತ್ತೋ ಏನೋ. ಅರ್ಧ ಇದೆಯಲ್ಲ, ಸಾಕು ಎಂದು ಅವನು ನೀರಿನ ಪಂಪನ್ನೇ ಹಾಕಿರಲಿಲ್ಲ. ಒಲೆಗೆ ಕಟ್ಟಿಗೆ ಮಾತ್ರ ಒಟ್ಟುತ್ತಲೇ ಇದ್ದ.

ಅದೊಂದು ದೊಡ್ಡ ಲಾಂಡ್ರಿ. ಬಾಯ್ಲರಿನ ಆವಿ ಗೋಡೆ ದಾಟಿ ಇಸ್ತ್ರಿ ಹಾಲಿಗೆ ಹೋಗುತ್ತಿತ್ತು. ಅಲ್ಲಿ ಹೆಂಗಸರು ಸಾಲಾಗಿ ನಿಂತು ಆಸ್ಪತ್ರೆಯ ಚಾದರಗಳನ್ನು ಇಸ್ತ್ರಿ ಮಾಡುತ್ತಿದ್ದರು. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಬಾಯ್ಲರ್ ನೋಡಿಕೊಳ್ಳುವವರು ಅವಳಪ್ಪ, ಅಂದರೆ ಇವನ ಮಾವ. ಅಳಿಯನಿಗೆ ಕಟ್ಟಿಗೆ ಹಾಕುವ ಕೆಲಸ. ಮಾವ ಕಣ್ಣಿನ ಆಪರೇಷನ್ ಆಗಿ, ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿದ್ದರು. ಹಾಗಾಗಿ ಈ ವಾರ ಕಟ್ಟಿಗೆಯೂ ಅವನದೇ, ಬಾಯ್ಲರೂ ಅವನದೇ.

ಮಾವ ಒಲೆ ಹಚ್ಚುವ ಮೊದಲು ಬಾಯ್ಲರಿನ ಮುಂದೆ ಟೋಪಿ ತೆಗೆದು ನಿಲ್ಲುತ್ತಿದ್ದರು. ಗಾಜಿನ ಕೆಳಗಿನ ಸಣ್ಣ ನಲ್ಲಿ ತಿರುಗಿಸಿ, "ಕರ್ತನೇ, ನೀರಿಗೆ ಸ್ತೋತ್ರ" ಎಂದು ಶುರು ಮಾಡುತ್ತಿದ್ದರು. ಗಾಜಿನ ನೀರು ಸರ್ರನೆ ಹರಿದು ಹೋಗುತ್ತಿತ್ತು. ನಲ್ಲಿ ಮುಚ್ಚಿ, ಮಿಕ್ಕ ಪ್ರಾರ್ಥನೆಯನ್ನು ಗೊಣಗುತ್ತ, ನೀರು ಮತ್ತೆ ಗಾಜಿಗೆ ಏರಿ ಬಂದದ್ದನ್ನು ನೋಡಿದ ಮೇಲೇ ಆಮೆನ್. ಕೆಲಸದ ನಡುನಡುವೆಯೂ ಹೀಗೇ. ಅಳಿಯ ಪಕ್ಕದಲ್ಲಿ ಸಲಿಕೆ ಹಿಡಿದು ಹಲ್ಲು ಕಡಿಯುತ್ತಿದ್ದ. ಅವನ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಚರ್ಚಿನ ಸಭೆಯವರೆಲ್ಲ ದೇವರನ್ನು ಬೇಡಿದ್ದರು, ಅವನು ಮಂಡಿ ಸವೆಯುವಷ್ಟು ಬೇಡಿದ್ದ. ಅಮ್ಮ ಉಳಿಯಲಿಲ್ಲ. ಆ ವರ್ಷ ಅವನು ಶಾಲೆ ಬಿಟ್ಟ, ದೇವರ ಜೊತೆ ಮಾತೂ ಬಿಟ್ಟ.

ನಲ್ಲಿ ತಿರುಗಿಸುವುದೂ ಪ್ರಾರ್ಥನೆಯದೇ ಒಂದು ಭಾಗ, ಮುದುಕರ ಭಕ್ತಿ, ಎಂದೇ ಅವನು ತಿಳಿದಿದ್ದ. ಕೇಳಿದ್ದರೆ ಮಾವ ಹೇಳುತ್ತಿದ್ದರು. ಕೇಳುವಷ್ಟು ತಾಳ್ಮೆ ಯಾರಿಗಿತ್ತು? ಬಾಯ್ಲರ್ ತನ್ನ ಕೈಗೆ ಬಂದ ದಿನವೇ ಪ್ರಾರ್ಥನೆಯನ್ನು ಕಿತ್ತು ಬಿಸಾಕಿದ. ಅದರ ಜೊತೆಗೆ ನಲ್ಲಿಯೂ ಹೋಯಿತು.

ಈಗ ಆ ನಲ್ಲಿಗೆ ಕೈ ಹಾಕಿದ. ತಿರುಗಿಸಿದ. ಗಾಜಿನ ನೀರು ಸರ್ರನೆ ಇಳಿಯಿತು. ಹಿಂದೆಯೇ ಬರೀ ಆವಿ ಬುಸುಗುಟ್ಟಿತು. ನಲ್ಲಿ ಮುಚ್ಚಿ ಕಾದ.

ನೀರು ಬರಲಿಲ್ಲ.

ಬಾಯ್ಲರಿನಿಂದ ಗಾಜಿಗೆ ನೀರು ಬರುವ ದಾರಿ ಯಾವಾಗಲೋ ಕಟ್ಟಿಕೊಂಡಿತ್ತು. ಬೆಳಗ್ಗೆಯಿಂದ ಅವನು ನೋಡಿದ್ದು ಕೊಳವೆಯಲ್ಲಿ ಸಿಕ್ಕಿಹಾಕಿಕೊಂಡ ಹಳೇ ನೀರನ್ನು. ಒಳಗಿನದು ಬೆಳಗ್ಗೆಯಿಂದ ಆವಿಯಾಗಿ ಚಾದರಗಳ ಮೇಲೆ ಹೋಗುತ್ತಿತ್ತು. ಇನ್ನೆಷ್ಟು ಉಳಿದಿದೆಯೋ, ಉಳಿದಿದೆಯೋ ಇಲ್ಲವೋ! ಕೆಳಗೆ ಒಲೆ ಮಾತ್ರ ಭರ್ ಎಂದು ಉರಿಯುತ್ತಿತ್ತು.

ನೀರಿಲ್ಲ ಅಂದರೆ ನೀರು ಹಾಕು. ಎಂಥವನಿಗೂ ಹೊಳೆಯುವುದು ಅದೇ. ಅವನು ಹಾರಿ ಪಂಪಿನ ಸ್ವಿಚ್ ಹತ್ತಿರ ಹೋದ. ಬೆರಳು ಇಟ್ಟ. ಆ ಬೆರಳು ಎಷ್ಟು ನಡುಗುತ್ತಿತ್ತೆಂದರೆ ಸ್ವಿಚ್ಚಿನ ಮೇಲೆ ನಿಲ್ಲಲೇ ಇಲ್ಲ. ಗೋಡೆಯಾಚೆ ಹೆಂಡತಿ ಯಾವುದಕ್ಕೋ ಕಿಲಕಿಲ ನಕ್ಕಳು. ನಡುಗುವ ಕೈಗಳನ್ನು ಒಂದಕ್ಕೊಂದು ಒತ್ತಿ ಹಿಡಿದ. ಭಕ್ತಿಗಲ್ಲ, ನಡುಕ ನಿಲ್ಲಲಿ ಅಂತ.

"ಅಮ್ಮನ ವಿಷಯದ ಜಗಳ ಆಮೇಲೆ ಆಡೋಣ," ಎಂದ ದೇವರಿಗೆ, ಹಲ್ಲು ಕಚ್ಚಿಕೊಂಡು. "ಈಗ ಇವಳು. ಇವಳೊಬ್ಬಳು..."

ಮುಂದೆ ಮಾತು ಹುಟ್ಟಲಿಲ್ಲ. ಬಾಯಿಗೆ ಬಂದದ್ದು ದಿನಾ ಕಿವಿಗೆ ಬಿದ್ದು ಬಿದ್ದು ತಲೆಯಲ್ಲಿ ಕೂತಿದ್ದ ಮಾವನ ಪ್ರಾರ್ಥನೆ. ಸಾವಿರ ಸಲ ಶಪಿಸಿದ್ದ ಆ ಪ್ರಾರ್ಥನೆಯನ್ನು ಅವನು ತೊದಲುತ್ತ ಹೇಳತೊಡಗಿದ. "ಕರ್ತನೇ, ನೀರಿಗೆ ಸ್ತೋತ್ರ. ಕಟ್ಟಿಗೆಗೆ ಸ್ತೋತ್ರ. ಗೋಡೆಯಾಚೆ ಇರೋರ ಉಸಿರಿಗೆ ಸ್ತೋತ್ರ. ಗಾಜು ಬರಿದಾದ ದಿನ ನನ್ನ ಕೈಯನ್ನ ನೀರಿಂದ ತಡಿ. ಮೊದಲು ಬೆಂಕಿ ಆರಿಸೋ ಬುದ್ಧಿ ಕೊಡು..."

ಅವನ ಬಾಯಿ ಹಾಗೇ ತೆರೆದುಕೊಂಡಿತು.

ಕೈಯನ್ನ ನೀರಿಂದ ತಡಿ.

ಕೆಂಪಗೆ ಕಾದ ಕಬ್ಬಿಣದ ಮೇಲೆ ಒಂದು ಹನಿ ನೀರು ಬಿದ್ದರೆ ಹೇಗೆ ಚಟ್ಟೆಂದು ಹಾರುತ್ತದೆ ಎಂದು ಅವನು ಎಷ್ಟು ಸಲ ನೋಡಿಲ್ಲ! ಇಲ್ಲಿ ಹನಿಯಲ್ಲ, ಪಂಪು. ಕಬ್ಬಿಣದ ಚೂರಲ್ಲ, ಕೋಣೆ ತುಂಬುವ ಬಾಯ್ಲರ್. ಸ್ವಿಚ್ ಒತ್ತಿದ್ದರೆ ಈ ಗೋಡೆಯೂ ಇರುತ್ತಿರಲಿಲ್ಲ, ಆ ನಗುವೂ ಇರುತ್ತಿರಲಿಲ್ಲ. ಸ್ವಿಚ್ಚಿನಿಂದ ಅವನು ಹಾವು ಕಂಡವನಂತೆ ಹಿಂದೆ ಸರಿದ.

ಒಲೆಗೆ ಗಾಳಿ ಊದುವ ಫ್ಯಾನ್ ನಿಲ್ಲಿಸಿದ. ಒಲೆಯ ಬಾಗಿಲು ತೆರೆದ. ಝಳ ಮುಖಕ್ಕೆ ಬಡಿದು ಹುಬ್ಬು ಚುರುಗುಟ್ಟಿತು. ಬೂದಿಯ ಗುಡ್ಡೆಯಿಂದ ಸಲಿಕೆ ಸಲಿಕೆ ಬೂದಿ ಎತ್ತಿ ಕೆಂಡದ ಮೇಲೆ ಎಸೆದ. ಒಂದೊಂದು ಸಲಿಕೆಗೂ, ಈಗ ಸಿಡಿಯಿತು, ಈಗ ಸಿಡಿಯಿತು ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಬೆಂಕಿ ಬೂದಿಯಡಿ ಹೂತುಹೋದ ಮೇಲೆ ಬಾಗಿಲು ಮುಚ್ಚಿ ಇಸ್ತ್ರಿ ಹಾಲಿಗೆ ಓಡಿದ.

"ಎಲ್ಲ ಹೊರಗೆ ನಡೀರಿ! ಬಾಯ್ಲರ್ ಕೆಟ್ಟಿದೆ!"

ಅವನ ಸಿಟ್ಟು ಆ ಹಾಲಿಗೆಲ್ಲ ಗೊತ್ತು. ಹೆಂಗಸರು ಅವನಿಗೆ ಸಿಡುಕಪ್ಪ ಎಂದು ಹೆಸರಿಟ್ಟಿದ್ದರು. ಎಲ್ಲರಿಗೂ ಹಿರಿಯಳಾದ ದೊಡ್ಡಕ್ಕ ಇಸ್ತ್ರಿ ಎತ್ತದೆಯೇ ಹೇಳಿದಳು: "ಬಾಯ್ಲರ್ ಕೆಟ್ಟಿದ್ಯೋ ನಿನ್ ತಲೆ ಕೆಟ್ಟಿದ್ಯೋ? ಬೆಳಗ್ಗೆ ಇವಳ ಜೊತೆ ಜಗಳ ಆಡ್ಕೊಂಡು ಬಂದ್ಯಾ ಹೇಗೆ?"

ಹಾಲೆಲ್ಲ ನಕ್ಕಿತು. ಹೆಂಡತಿ ನಗಲಿಲ್ಲ. ಅವನ ಸಿಟ್ಟಿನ ಮುಖ ಅವಳಿಗೆ ಗೊತ್ತು. ಇದು ಆ ಮುಖ ಅಲ್ಲ.

"ಅಕ್ಕ, ಇಸ್ತ್ರಿ ಬಿಡಿ," ಎಂದಳು ಮೆಲ್ಲಗೆ. "ಇವರು ಹೆದರಿದಾರೆ. ಇವರು ಹೆದರಿದ್ದು ನಾನು ನೋಡೇ ಇಲ್ಲ."

ಅಷ್ಟೇ ಸಾಕಾಯಿತು. ಚಪ್ಪಲಿ ಬಿಟ್ಟವರು ಬಿಟ್ಟಂತೆ ಎಲ್ಲರೂ ಅಂಗಳಕ್ಕೆ ನುಗ್ಗಿದರು.

ಎದುರಿನಿಂದ ಮೇಸ್ತ್ರಿ ಬಂದ. ಮಧ್ಯಾಹ್ನಕ್ಕೆ ಚಾದರಗಳ ಗಾಡಿ ಹೊರಡಬೇಕಿತ್ತು. ವಿಷಯ ಕೇಳಿ ಅವನು ಉರಿದುಬಿದ್ದ.

"ನೀರು ಕಮ್ಮಿ ಆಗಿದ್ರೆ ನೀರು ಬಿಡಪ್ಪ! ಅದಕ್ಕೇನು ಊರೆಲ್ಲ ಎಬ್ಬಿಸೋದು? ನಿಂಗಾಗದಿದ್ರೆ ಬಿಡು, ನಾನೇ ಹಾಕ್ತೀನಿ."

ಎಂದವನೇ ಬಾಯ್ಲರ್ ಮನೆಯ ಕಡೆ ದಡದಡ ನಡೆದ. ಅಳಿಯನ ಕಾಲು ನೆಲಕ್ಕೆ ಅಂಟಿತು. ಹೊರಗೆ ಬಂದು ಬದುಕಿದೆ ಅಂದುಕೊಂಡಿದ್ದ. ಇನ್ನೊಮ್ಮೆ ಆ ಬಾಗಿಲು ಹೊಗುವುದೆಂದರೆ ಜೀವ ಬಾಯಿಗೆ ಬಂತು. "ತಡಿ, ತಡಿ," ಎಂದು ಗೊಣಗಿದ. ಮೇಸ್ತ್ರಿಗೆ ಹೇಳಿದನೋ ಮೇಲಿನವನಿಗೆ ಹೇಳಿದನೋ ಅವನಿಗೇ ತಿಳಿಯಲಿಲ್ಲ. ಓಡಿದ. ಮೇಸ್ತ್ರಿಯನ್ನು ಬದಿಗೆ ತಳ್ಳಿ, ಪಂಪಿನ ಫ್ಯೂಸನ್ನೇ ಕಿತ್ತು ಮುಷ್ಟಿಯಲ್ಲಿ ಹಿಡಿದ.

"ಕೊಡೋ ಇಲ್ಲಿ!"

"ಕೊಡಲ್ಲ ಸಾರ್."

"ಕೆಲಸ ಹೋಗುತ್ತೆ ನೋಡು!"

ಬೇರೆ ದಿನವಾಗಿದ್ದರೆ ಅವನ ಕೈ ಮೇಸ್ತ್ರಿಯ ಕೊರಳಪಟ್ಟಿಯಲ್ಲಿರುತ್ತಿತ್ತು. ಇವತ್ತು ಆ ಕೈ ಫ್ಯೂಸನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತ್ತು.

"ಹೋಗ್ಲಿ ಸಾರ್. ಒಳಗಿನ ಕಬ್ಬಿಣ ಕಾದಿದೆ, ತಣ್ಣೀರು ಬಿದ್ರೆ ಸಿಡಿಯತ್ತೆ. ಬೇಕಾದ್ರೆ ಹೊಡೀರಿ, ಆದ್ರೆ ಹೊರಗೆ ಬಂದು ಹೊಡೀರಿ. ಇಲ್ಲಿ ನಿಲ್ಬೇಡಿ. ಕೈ ಮುಗೀತೀನಿ."

ಮೇಸ್ತ್ರಿ ಅವನ ಮುಖ ನೋಡಿದ, ಖಾಲಿ ಗಾಜು ನೋಡಿದ. ಆಮೇಲೆ ಅಳಿಯನಿಗಿಂತ ಮೊದಲು ಅವನೇ ಹೊರಗಿದ್ದ.

ಬಾಯ್ಲರ್ ಆರುವುದಕ್ಕೆ ಅವಸರವಿಲ್ಲ. ಒತ್ತಡ ತೋರಿಸುವ ಮುಳ್ಳು ಕಿಟಕಿಯಿಂದ ಕಾಣುತ್ತಿತ್ತು. ಅದು ಇಳಿಯುತ್ತಿದೆಯೋ ಇಲ್ಲವೋ ಎನ್ನುವಷ್ಟು ನಿಧಾನವಾಗಿ ಇಳಿಯಿತು. ಕಾಂಪೌಂಡಿನ ಗೋಡೆಗೆ ಒರಗಿ ಕೂತಿದ್ದ ಅಳಿಯ ಅದರಿಂದ ಕಣ್ಣು ಕೀಳಲಿಲ್ಲ. ಮುಳ್ಳು ತಳ ಮುಟ್ಟಿದ ಮೇಲೆ ಅವನ ಹಲ್ಲುಗಳು ಕಟಕಟ ಎನ್ನತೊಡಗಿದವು. ಹೆಂಡತಿ ಪಕ್ಕದಲ್ಲಿ ಬಂದು ಕೂತಳು.

"ನೀರು ಹಾಕ್ಬಾರ್ದು ಅಂತ ಅಪ್ಪ ಹೇಳಿಕೊಟ್ಟಿದ್ರಾ?"

"ನಂಗೆ ಹೇಳಿಲ್ಲ. ದಿನಾ ದೇವರಿಗೆ ಹೇಳ್ತಿದ್ರು. ನಾನು ಪಕ್ಕದಲ್ಲಿ ನಿಂತು ಬೈಕೋತಿದ್ದೆ." ಅವನು ಮುಖ ಒರೆಸಿಕೊಂಡ. ಬೂದಿ ಇನ್ನಷ್ಟು ಹರಡಿತು. "ಇವತ್ತು ಅದು ನನ್ ಬಾಯಿಂದಾನೇ ಬಂತು ಕಣೇ. ನಾನಾಗಿ ಹೇಳಿದ್ದಲ್ಲ. ಒಂದು ಗಳಿಗೆ ತಡವಾಗಿದ್ರೆ ನಾನೇ ನಿನ್ನ..."

"ಸಾಕು. ಅದನ್ನ ಹೇಳ್ಬೇಡಿ."

"ನಾಳೆ ರಿಪೇರಿ ಮಾಡೋರು ಬರ್ತಾರಂತೆ. ಆಮೇಲೆ ನಾನೇ ಒಲೆ ಹಚ್ಬೇಕು. ಆಗಲ್ಲ ನಂಗೆ. ಭಯ ಆಗ್ತಿದೆ."

"ನಂಗ್ಯಾಕೆ ಹೇಳ್ತೀರಿ? ಒಲೆ ಹತ್ರ ನಾನು ಬರಕ್ಕಾಗುತ್ತಾ? ಅಲ್ಲಿಗೂ ಬರೋನೊಬ್ಬ ಇದಾನಲ್ಲ, ಅವನಿಗೆ ಹೇಳಿ."

ಅವನು ಸುತ್ತ ನೋಡಿದ. ದೊಡ್ಡಕ್ಕ ಬರಿಗಾಲಲ್ಲಿ ನಿಂತು ಮೇಸ್ತ್ರಿಗೆ ಏನೋ ಬಯ್ಯುತ್ತಿದ್ದಳು. ಯಾರೂ ಇತ್ತ ನೋಡುತ್ತಿರಲಿಲ್ಲ. ತಲೆ ತಗ್ಗಿಸಿದ. ಮಾವನ ಮಾತುಗಳನ್ನು ಹುಡುಕಲಿಲ್ಲ.

"ನಂಗೆ ಭಯ ಆಗ್ತಿದೆ," ಎಂದ. "ಇವಳು ಇಲ್ಲಿದಾಳೆ. ಉಸಿರಾಡ್ತಿದಾಳೆ. ಅದಕ್ಕೆ ನಾನು ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ, ನೀನೇ ತಿಳ್ಕೋ. ನಾಳೆ ಆ ಬಾಗ್ಲು ತೆಗೆಯೋವಾಗ ನೀನೂ ಬಾ. ಮೊದಲು ನೀನು ಒಳಗೆ ಹೋಗು."

ಒಳಗೆ ಆರುತ್ತಿದ್ದ ಕಬ್ಬಿಣ ಟಣ್ ಎಂದಿತು. ಇಬ್ಬರೂ ಬೆಚ್ಚಿಬಿದ್ದು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಮತ್ತೇನೂ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ, ಹಿಡಿದ ಕೈ ಬಿಡದೆ, ಆಮೆನ್ ಎಂದಳು.