ಎರಡನೆಯ ಬತ್ತಿ

"ಮೊಟ್ಟೆ ಆಕಿದ್ದೀರಾ ಟೀಚರಮ್ಮ?" ಎಂದು ಮುನಿಯಲ್ಲಮ್ಮ ಬಾಗಿಲಲ್ಲೇ ಕೇಳಿದಾಗ ಸರಳಾಗೆ ತನ್ನ ತಪ್ಪು ಹೊಳೆಯಿತು. ಒಳಗೆ ಮುನಿಯಲ್ಲಮ್ಮನ ಮಗ ಅಶ್ವತ್ಥ್ ಕಪ್ಪು ಪಂಚೆ ಉಟ್ಟು, ಕೊರಳಿಗೆ ಅಯ್ಯಪ್ಪನ ಮಾಲೆ ಹಾಕಿಕೊಂಡು ಕೂತಿದ್ದ. ಮಾಲೆ ಹಾಕಿದವರಿರುವ ಮನೆಗೆ ಸರಳಾ ಮೊಟ್ಟೆ ಬೆರೆಸಿ ಕರಿದ ರೋಸ್ ಕುಕ್ಕಿ ಹೊತ್ತು ತಂದಿದ್ದಳು, ಅದೂ ದೊಡ್ಡ ಡಬ್ಬಿಯ ತುಂಬ.

"ಹಾಕಿದೀನಮ್ಮ. ನಂಗೆ ಜ್ಞಾನವೇ ಇರ್ಲಿಲ್ಲ ನೋಡಿ."

"ಅದಕ್ಯಾಕೆ ಬೇಜಾರು? ಸ್ವಾಮಿ ಬೆಟ್ಟಕ್ಕೋಗಿ ಬರ್ಲಿ, ಆಮೇಲೆ ಕೊಡೀರಂತೆ. ನಾವೇನ್ ಬಿಟ್ಬುಡ್ತೀವಾ? ಒಳೀಕೆ ಬನ್ನಿ, ಕಾಪಿ ಕುಡುದ್ಬಿಟ್ಟು ಓಗಿ."

ಸರಳಾ ಒಳಗೆ ಹೋಗದೆ ಜಗಲಿಯ ಮೇಲೆ ಕೂತಳು. ಡಬ್ಬಿ ಬರೀ ನೆಪವಾಗಿತ್ತು. ಅದೂ ಈಗ ಮಡಿಲಿಗೇ ವಾಪಸು ಬಂದದ್ದರಿಂದ ಬಾಯಿ ಬಿಡದೆ ವಿಧಿಯಿರಲಿಲ್ಲ.

ಮಾರನೆಯ ದಿನ ಆಗಮನ ಕಾಲದ ಎರಡನೆಯ ಭಾನುವಾರ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ಚರ್ಚಿನಲ್ಲಿ ಒಂದೊಂದು ಮೇಣದ ಬತ್ತಿ ಹೆಚ್ಚಿಸಿ ಹಚ್ಚುತ್ತಾರೆ. ಎರಡನೆಯದು ಸಮಾಧಾನದ ಬತ್ತಿ. ಯಲಹಂಕದ ಅವರ ಪುಟ್ಟ ಸಭೆಯಲ್ಲಿ ಹಿಂದಿದ್ದ ಪಾದ್ರಿ ಅಯ್ಯನವರೊಬ್ಬರು ಒಂದು ಪದ್ಧತಿ ಮಾಡಿಟ್ಟು ಹೋಗಿದ್ದರು. ಆ ಬತ್ತಿ ಹಚ್ಚಲು ಬಂದವರನ್ನು ಎಲ್ಲರೆದುರು ಕೇಳಬೇಕು: ನಿಮಗೆ ಯಾರ ಮೇಲಾದರೂ, ಯಾರಿಗಾದರೂ ನಿಮ್ಮ ಮೇಲೆ ಮುನಿಸಿದೆಯೇ? ಇಲ್ಲ ಎಂದ ಮೇಲೆಯೇ ಬೆಂಕಿಪೊಟ್ಟಣ ಕೈಗೆ ಕೊಡುವುದು. ಯಾರೂ ಇದೆ ಅಂದದ್ದಿಲ್ಲ. ಅಂಥ ಪ್ರಶ್ನೆಗೆ ಇದೆ ಅನ್ನುವವರು ಬತ್ತಿ ಹಚ್ಚಲು ಯಾಕೆ ಬಂದಾರು? ಈ ವರ್ಷ ಚೀಟಿಯಲ್ಲಿ ಸರಳಾಳ ಹೆಸರು ಬಂದಿತ್ತು. "ನಿನಗ್ಯಾರ ಹತ್ರ ಜಗಳ? ಇಡೀ ಕೋಗಿಲು ಊರು ನಿನ್ನ ಕಂಡ್ರೆ ಕೈ ಮುಗಿಯುತ್ತೆ" ಎಂದು ಗಂಡ ಯೋಗಾನಂದ ನಕ್ಕಿದ್ದ. ಹಾಗೆ ಕೈ ಮುಗಿಯುವುದೇ ಅವಳನ್ನು ಒಳಗೊಳಗೆ ಸುಡುತ್ತಿತ್ತು.

ಎರಡು ವರ್ಷದ ಹಿಂದೆ ಮುನಿಯಲ್ಲಮ್ಮನ ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸುಗಳಿದ್ದವು. ಗಂಜಲದ ನೀರು ಚರಂಡಿಯಲ್ಲಿ ಹರಿದು ಹಬೀಬುಲ್ಲಾನ ಟೀ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಸೊಳ್ಳೆ, ವಾಸನೆ, ಮೇಲೆ ಯೋಗಾನಂದನಿಗೆ ಉಬ್ಬಸ. ಒಂದು ದಿನ ಸರಳಾ ಹೆಸರು ಹಾಕದೆ ಪಾಲಿಕೆಗೆ ಒಂದು ಅರ್ಜಿ ಬರೆದು ಅಂಚೆಗೆ ಹಾಕಿದಳು. ನೋಟೀಸು ಬಂತು, ಹಸುಗಳನ್ನು ಮಾರಿದ್ದಾಯಿತು. ಮುನಿಯಲ್ಲಮ್ಮ ಇದೇ ಜಗಲಿಯ ಮೇಲೆ ಅಳುತ್ತ, "ಯಾರ್ ಬರ್ದಿರ್ತಾರೆ ಟೀಚರಮ್ಮ?" ಎಂದಾಗ, ಸರಳಾಳ ಬಾಯಲ್ಲಿ ಬಂದದ್ದು, "ಆ ಟೀ ಅಂಗಡಿಯವರಿರಬಹುದೇನೋ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಅಂದಿನಿಂದ ಮುನಿಯಲ್ಲಮ್ಮ ಆ ಅಂಗಡಿಯತ್ತ ಮುಖ ಹಾಕಿರಲಿಲ್ಲ.

"ಅಕ್ಕ, ಹಸುಗಳ ಮೇಲೆ ಅರ್ಜಿ ಬರೆದಿದ್ದು ನಾನು" ಎಂದಳು ಸರಳಾ. "ಹಬೀಬುಲ್ಲಾ ಅವರಿಗೆ ಅದು ಗೊತ್ತೇ ಇಲ್ಲ."

ಮುನಿಯಲ್ಲಮ್ಮ ಕಂಬಕ್ಕೆ ಒರಗಿ ನಿಂತಳು. ಬೈಯುತ್ತಾಳೆಂದು ಸರಳಾ ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಓದ್ ರಂಜಾನಿಗೆ ಅಬೀಬಣ್ಣ ಸ್ಯಾವಿಗೆ ಪಾಯಸ ಕಳ್ಸಿದ್ರು. ಎಂಗ್ ಬಂತೋ ಅಂಗೇ ವಾಪಸ್ ಕಳ್ಸ್ದೆ ನಾನು. ಆವತ್ತು ನೀವು ಇಲ್ಲೇ ಕುಂತಿದ್ರಿ."

"ಹೂಂ. ಕೂತಿದ್ದೆ."

"ಈಗ್ಯಾಕೆ ಏಳಿದ್ರಿ? ಏಳ್ದೇ ಇದ್ದಿದ್ರೆ ನಂಗೆ ಗೊತ್ತಾಗ್ತಾನೂ ಇರ್ಲಿಲ್ಲ."

ಸರಳಾ ಚರ್ಚಿನ ಬತ್ತಿಯ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ನಾಚಿಕೆಯಾಯಿತು.

"ಓ, ನಿಮ್ ದೀಪಕ್ಕಾ." ಮುನಿಯಲ್ಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಎದ್ದೋಗಿ ಟೀಚರಮ್ಮ."

"ಹಬೀಬುಲ್ಲಾ ಅವರಿಗೂ ನಾನೇ ಹೋಗಿ ಹೇಳ್ತೀನಿ."

"ನೀವ್ ಓಗ್ಬೇಡಿ. ಪಾಯಸ ವಾಪಸ್ ಕಳ್ಸಿದ್ದು ನಾನು. ನಾನೇ ಓಗ್ತೀನಿ."

ಭಾನುವಾರ ಸರಳಾ ಬಿಳಿ ಸೀರೆಯುಟ್ಟು ಪೀಠದ ಮುಂದೆ ನಿಂತಳು. ಮೊದಲ ಬತ್ತಿ ಆಗಲೇ ಉರಿಯುತ್ತಿತ್ತು. ಹೊಸದಾಗಿ ಬಂದಿದ್ದ ಯುವಕ ಅಯ್ಯನವರು ಬೆಂಕಿಪೊಟ್ಟಣ ಹಿಡಿದುಕೊಂಡೇ ಪ್ರಶ್ನೆ ಓದಿದರು.

"ಇದೆ" ಎಂದಳು ಸರಳಾ.

ಅಯ್ಯನವರು ಪುಸ್ತಕ ನೋಡಿದರು. ಅದರಲ್ಲಿ ಈ ಉತ್ತರಕ್ಕೆ ಮುಂದೇನು ಮಾಡಬೇಕೆಂದು ಬರೆದಿರಲಿಲ್ಲ.

"ನಮ್ಮ ಬೀದಿಯ ಒಬ್ಬರಿಗೆ ನನ್ನ ಮೇಲೆ ಇದೆ, ಅಯ್ಯನವರೇ. ನ್ಯಾಯವಾಗಿಯೇ ಇದೆ" ಎಂದು ಹೇಳಿ ಅವಳು ಹೋಗಿ ಯೋಗಾನಂದನ ಪಕ್ಕದಲ್ಲಿ ಕೂತಳು. ಅವನು ಹಾಡಿನ ಪುಸ್ತಕ ತೆರೆದು ಅವಳ ಕಡೆಗೆ ಸರಿಸಿದ. ಆ ಭಾನುವಾರ ಒಂದೇ ಬತ್ತಿ ಉರಿಯಿತು.

ಆರಾಧನೆ ಮುಗಿದ ಮೇಲೆ ಯೋಗಾನಂದ ಯಾವುದೋ ಸಭೆಯ ಕೆಲಸಕ್ಕೆ ಅಲ್ಲೇ ಉಳಿದ. ಸರಳಾ ಒಬ್ಬಳೇ ಬಸ್ಸಿಳಿದು ಬೀದಿಯ ತಿರುವಿಗೆ ಬಂದಾಗ ಟೀ ಅಂಗಡಿಯ ಬೆಂಚಿನ ಮೇಲೆ ಮುನಿಯಲ್ಲಮ್ಮ ಕೂತಿರುವುದು ಕಾಣಿಸಿತು. ಹಬೀಬುಲ್ಲಾ ಒಲೆಯ ಉರಿ ತಗ್ಗಿಸಿ, ಹೆಗಲ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಅವಳ ಮಾತು ಕೇಳುತ್ತಿದ್ದ. ಗಾಜಿನ ಲೋಟದಲ್ಲಿ ಟೀ ಕೆನೆಗಟ್ಟಿತ್ತು. ಅವನು ಏನೋ ಅಂದ. ಮುನಿಯಲ್ಲಮ್ಮ ಕಣ್ಣೊರೆಸಿಕೊಂಡು ನಕ್ಕಳು. ಅಷ್ಟರಲ್ಲಿ ಅವಳ ದೃಷ್ಟಿ ಸರಳಾಳ ಮೇಲೆ ಬಿತ್ತು. ಒಂದು ಗಳಿಗೆ ನೋಡಿ ಮುಖ ಆಚೆ ತಿರುಗಿಸಿಕೊಂಡಳು.

ಸರಳಾ ರಸ್ತೆಯ ಎದುರು ಬದಿಗೆ ದಾಟಿದಳು. ಹೆಜ್ಜೆಯ ಸದ್ದಿಗೆ ಅವರ ಮಾತು ನಡುವೆ ನಿಲ್ಲದಿರಲಿ ಎಂದು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಮನೆಯತ್ತ ನಡೆದಳು.