ಹದಿನೇಳನೆಯ ಹಾಳೆ

ಪದ್ಮರಾಜ ಮಾಸ್ಟ್ರ ಚಿತ್ರಗಳೆಲ್ಲ ಅವರ ಹೆಂಡತಿ ಪ್ರಭಾವತಿಯ ಕನಸುಗಳು. ಬೆಳಿಗ್ಗೆ ಎದ್ದು ಅವರು ಹೇಳುತ್ತಿದ್ದರು, ಇವರು ತೆಳು ಹಾಳೆಯ ಮೇಲೆ ಮೇಣದ ಬಣ್ಣದಲ್ಲಿ ಬಿಡಿಸುತ್ತಿದ್ದರು. ಪ್ರಭಾವತಿ ತೀರಿಕೊಂಡು ಎರಡು ವರ್ಷ. ಆಮೇಲೆ ಮಾಸ್ಟ್ರು ಬಣ್ಣ ಮುಟ್ಟಿಲ್ಲ. ಪ್ರದರ್ಶನಕ್ಕೆ ಹದಿನೇಳು ಹಾಳೆಗಳ ಪಟ್ಟಿ ಮಾಡಲು ನಾನು ನರಿಕೊಂಬಿನಿಂದ ಮೂಡುಬಿದಿರೆಗೆ ದಿನಾ ಬರುತ್ತಿದ್ದೆ.

"ಪ್ರದರ್ಶನ ಮಾಡುವ ಮಂಗಳೂರಿನವರು ಇದನ್ನು ಸರ್ರಿಯಲಿಸಂ, ಆ ಕನಸಿನಂಥ ಚಿತ್ರಗಳ ಪಂಥ ಉಂಟಲ್ಲ, ಅದರ ನಂತರದ್ದು ಅಂತ ಹೇಳ್ತಾರೆ ಸರ್."

"ಎಂಥ ನಂತರ ಮಾರಾಯ್ತಿ. ಪ್ರಭಾ ಎದ್ದ ನಂತರದ್ದು, ಕಾಫಿಗೆ ಮುಂಚಿನದ್ದು."

ಕೊನೆಯ ಹಾಳೆಯ ಅಂಚಿನಲ್ಲಿ ಬೆಳ್ಳಿಹುಳ ಕಂಡಿತು. ಅಜ್ಜಿಮನೆಯಲ್ಲಿ ಶ್ರುತಪಂಚಮಿಯಂದು ತಾಳೆಗರಿಯ ಗ್ರಂಥಗಳನ್ನು ಹೊರತೆಗೆದು, ಹುಳ ಹಿಡಿಯದಂತೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವುದು ಚಿಕ್ಕಂದಿನಿಂದ ನನ್ನದೇ ಕೆಲಸ. ಅದೇ ರೂಢಿಯಲ್ಲಿ, ಮಾಸ್ಟ್ರ ಕಪಾಟಿನಲ್ಲಿದ್ದ ಆ ಎಣ್ಣೆಯನ್ನು ಹಾಳೆಗೂ ಸವರಿದೆ. ಗರಿಯಾದರೆ ಎಣ್ಣೆ ಕುಡಿದು ಹೊಳೆಯುತ್ತದೆ. ಇಲ್ಲಿ ಮೇಣ ಕರಗಿತು. ನೋಡುತ್ತಿದ್ದಂತೆ ಇಡೀ ಚಿತ್ರ ಒಂದು ಕಂದು ಕಲೆಯಾಯಿತು.

ಅದು ಪ್ರಭಾವತಿ ಹೇಳಿದ ಕೊನೆಯ ಕನಸು.

ಮಾಸ್ಟ್ರು ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕೂತಿದ್ದರು. ಈಗ ಹೇಳಿದರೆ ಎದ್ದುಬಿಡುತ್ತಾರೆ, ಕತ್ತಲಾದ ಮೇಲೆ ನಾವು ಜೈನರು ಉಣ್ಣುವುದಿಲ್ಲ, ಮತ್ತೆ ನಾಳೆಯವರೆಗೆ ಅನ್ನವಿಲ್ಲ. ಕೈ ತೊಳೆಯುವವರೆಗೆ ಕಾದೆ. ಆಮೇಲೆ ಹಾಳೆಯನ್ನು ಮುಂದಿಟ್ಟೆ.

ಅವರು ಅದನ್ನು ಮೂಸಿ ನೋಡಿದರು. "ಎಣ್ಣೆ ಹಾಕಿದ್ದಾ?"

"ಹೌದು ಸರ್."

"ಗ್ರಂಥಕ್ಕೆ ಹಾಕಿದ ಹಾಗೆ." ಹಾಳೆಯನ್ನು ಬೆಳಕಿಗೆ ಹಿಡಿದರು. "ಇದರಲ್ಲಿ ಏನೇನಿತ್ತು ಅಂತ ನನಗೂ ಪೂರ್ತಿ ನೆನಪಿಲ್ಲ. ಕೇಳುವ ಅಂದ್ರೆ ಅವಳಿಲ್ಲ."

"ಪಟ್ಟಿ ಮಾಡುವಾಗ ಬರೆದಿಟ್ಟದ್ದು ನನ್ನ ಡೈರಿಯಲ್ಲಿ ಉಂಟು," ಎಂದೆ.

"ಓದು ನೋಡುವ."

ಆ ಡೈರಿಯನ್ನು ಯಾರೆದುರೂ ತೆರೆದವಳಲ್ಲ, ಈಗ ತೆರೆದು ಓದಿದೆ. "ಫಲ್ಗುಣಿ ಹೊಳೆ ಮನೆಯ ಮೆಟ್ಟಿಲು ಹತ್ತುತ್ತಿದೆ. ಒಂಬತ್ತು ಮೆಟ್ಟಿಲು, ಒಂದೊಂದರ ಮೇಲೂ ಚಾಪೆ. ಮಾಸ್ಟ್ರು ಮೇಲೆ ನಿಂತು ಮೀನುಗಳಿಗೆ ಬಾಗಿಲು ತೆರೆಯುತ್ತಿದ್ದಾರೆ."

"ಮತ್ತೆ?"

"ಮುಂದಿನದು ನನ್ನ ಮಾತು ಸರ್. ಬೇಡ."

"ಓದು ಮಗಾ."

"ಉಳಿದ ಹದಿನಾರರಲ್ಲೂ ಪ್ರಭಾವತಿ ಎಲ್ಲೋ ಒಂದು ಕಡೆ ಇದ್ದಾರೆ. ಇದರಲ್ಲಿ ಅವರಿಗೆ ಜಾಗವಿಲ್ಲ. ಮಾಸ್ಟ್ರು ಮರೆತರೋ ಏನೋ."

ಅವರು ಕನ್ನಡಕ ತೆಗೆದರು. "ಮರ್ತದ್ದಲ್ಲ. ಈ ಕನಸಲ್ಲಿ ನೀನು ಎಲ್ಲಿದ್ದಿ ಅಂತ ಪ್ರಭಾಳ ಹತ್ರ ಕೇಳಿದ್ದೆ. ನಾನಿರ್ಲಿಲ್ಲ, ಮನೆಯಲ್ಲಿ ನೀವೊಬ್ರೇ ಇದ್ರಿ ಅಂದ್ಲು. ನಾನು ನಗಾಡಿದೆ."

ಹೊರಗೆ ಕತ್ತಲಾಗುತ್ತಿತ್ತು. ಹಾಳೆಯನ್ನು ಅವರು ಉಳಿದವುಗಳ ಜೊತೆಗೇ ಇಟ್ಟರು.

"ಇದನ್ನು ಹೀಗೇ ಹಾಕುವ. ಕೆಳಗೆ ನೀನು ಬರೆದದ್ದು ಇರಲಿ."

ನನ್ನ ಅಕ್ಷರವನ್ನು ನಾಲ್ಕು ಜನ ನಿಂತು ಓದುವುದೆಂದರೆ ನನಗೆ ಚಳಿಜ್ವರ. ಆದರೂ ಪುಟ ಹರಿದೆ. ಕೊಡುವ ಮೊದಲು, ಮಾಸ್ಟ್ರು ಮರೆತರೋ ಏನೋ ಎಂಬ ಸಾಲಿನ ಮೇಲೆ ಗೆರೆ ಎಳೆದೆ.